ಗಿರಿಜಮ್ಮನ ಕೇಸು ಅಚ್ಚಾದ ವರ್ಷ

ವೈದ್ಯನೆಂದರೆ ಸತ್ಯದ ಬೆನ್ನು ಹತ್ತಿದವನು. ಹಸಿವು, ನಿದ್ರೆ, ಮಾನಾಪಮಾನಗಳನ್ನು ಬದಿಗಿಟ್ಟು, ದೇಹದೊಳಗೆ ಅಡಗಿ ಕೂತ ಕಾರಣವನ್ನು ಬೆಳಕಿಗೆ ಎಳೆಯುವುದೇ ಅವನ ಧರ್ಮ. ನಾವು ನಾಲ್ವರು ಈ ಧರ್ಮಪಾಲನೆಗೆ ಮಸ್ಕಿಯನ್ನು ಆರಿಸಿಕೊಂಡದ್ದು ಅಲ್ಲಿಯ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿರುತ್ತಿತ್ತು ಎಂಬ ಕಾರಣಕ್ಕೆ.

ಹೋದ ತಿಂಗಳು ಅದೇ ಮಸ್ಕಿಗೆ ಪರಿಚಿತರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಬ್ಬ ಅಜ್ಜಿ ತಡೆದು, ಹೊಸ ವಿಭೂತಿ ಗಟ್ಟಿಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ತೇಯ್ದು, ನನ್ನ ಹಣೆಗೆ ಎಳೆದಳು. ಒಣಗಿದ ಗಟ್ಟಿಗೆ ನೀರು ಬಿದ್ದಾಗ ಬರುವ ವಾಸನೆಯೊಂದಿದೆ. ಮೊದಲ ಮಳೆಯ ಮಣ್ಣಿನದೂ ಅಲ್ಲ, ಸುಟ್ಟ ಬೆರಣಿಯದೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ಬಡಿದದ್ದೇ ನನಗೆ ಊಟ ಬೇಡವಾಯಿತು. ಬಿ.ಪಿ. ಎಂದು ಹೇಳಿ ಬಂದೆ. ವೈದ್ಯನಾಗಿರುವುದರ ಒಂದು ಅನುಕೂಲವೆಂದರೆ ಇಂಥ ಸುಳ್ಳನ್ನು ಯಾರೂ ಪ್ರಶ್ನಿಸುವುದಿಲ್ಲ.

ನಮ್ಮ ಕೂಟದ ಸದಸ್ಯರನ್ನು ಪರಿಚಯಿಸಬೇಕು. ಸಿಂಧನೂರಿನಿಂದ ಇಬ್ಬರು: ಜ್ವರ, ಸಕ್ಕರೆ, ಎದೆನೋವು ನೋಡುವ ನಾನು ಮತ್ತು ಮಕ್ಕಳ ಡಾಕ್ಟರು ಮಹಬೂಬ್ ಅಲಿ. ಲಿಂಗಸುಗೂರಿನಿಂದ ಸರ್ಜನ್ ಶರಣೇಗೌಡರು. ಹಟ್ಟಿಯ ಗಣಿ ಕಾರ್ಮಿಕರ ಅರ್ಧದಷ್ಟು ಅಪೆಂಡಿಕ್ಸುಗಳು ತಮ್ಮ ಕೈಯಿಂದಲೇ ಹೊರಬಂದಿವೆ ಎಂದು ಹೇಳಿಕೊಳ್ಳುತ್ತಿದ್ದರು. ಹಣೆಯ ಮೇಲಿನ ಮೂರು ಗೆರೆ ಆಪರೇಷನ್ ಥಿಯೇಟರಿನ ಟೊಪ್ಪಿಗೆಯ ಕೆಳಗೂ ಅಳಿಯದಂತೆ ನೋಡಿಕೊಳ್ಳುವ ಶಿವಭಕ್ತರು. ಊರಿನ ಮಠದ ಕಮಿಟಿಯಲ್ಲೂ ಇದ್ದರು. ನಾಲ್ಕನೆಯವರು ಮಸ್ಕಿಯಲ್ಲೇ ಹೆರಿಗೆ ಆಸ್ಪತ್ರೆ ನಡೆಸುವ ಡಾಕ್ಟರ್ ಮಹಾದೇವಿ. ಆ ಸುತ್ತಿನ ಹೆಣ್ಣುಮಕ್ಕಳಿಗೆಲ್ಲ ಆಕೆ ‘ಅಕ್ಕಾರು’. ಕೂಟಕ್ಕೆ ನಾವು ‘ವೈದ್ಯಕೀಯ ವಿಚಾರ ಮಂಥನ ಮಂಡಳಿ’ ಎಂದು ಹೆಸರಿಟ್ಟಿದ್ದೆವು. ನಮ್ಮ ಮನೆಗಳಲ್ಲಿ ಅದನ್ನು ಬದನೆಕಾಯಿ ಮೀಟಿಂಗು ಎನ್ನುತ್ತಿದ್ದರು.

ಮಂಡಳಿಯ ಕಲಾಪಕ್ಕೆ ಒಂದು ಪದ್ಧತಿ ಇತ್ತು. ಪ್ರತಿ ತಿಂಗಳು ಒಬ್ಬರು ಯಾವುದಾದರೂ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಬ್ಬ ರೋಗಿಯ ವರದಿಯನ್ನು ತರಬೇಕು. ರೋಗ ಯಾವುದೆಂದು ಬರೆದ ಭಾಗವನ್ನು ಒಳಗೆ ಮಡಚಿ ಪಿನ್ನು ಹೊಡೆದಿರಬೇಕು. ಉಳಿದದ್ದನ್ನು ಓದಿ ಹೇಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ರೋಗವನ್ನು ಘೋಷಿಸಬೇಕು. ಆಮೇಲೆ ಮಡಿಕೆ ಬಿಚ್ಚುವುದು. ಬಿಚ್ಚಿದ ಮೇಲೆಯೇ ನಿಜವಾದ ಕೆಲಸ: ಅಚ್ಚಾದದ್ದು ಸರಿಯೇ ಎಂದು ಜಗಳಾಡುವುದು. ಮುಂಬೈಯವರದು, ದೆಹಲಿಯವರದು, ಒಮ್ಮೆ ಜಪಾನಿನವರದು ಕೂಡ ತಪ್ಪೆಂದು ನಾವು ಸರ್ವಾನುಮತದಿಂದ ತೀರ್ಮಾನಿಸಿದ್ದುಂಟು. ದೂರದವರ ತಪ್ಪು ಹಿಡಿಯುವುದಕ್ಕಿಂತ ಆರೋಗ್ಯಕರವಾದ ಹವ್ಯಾಸ ಇನ್ನೊಂದಿಲ್ಲ. ರೋಗಿ ಎದುರಿಗೆ ಇರುವುದಿಲ್ಲ, ಅವನ ಮನೆಯವರು ಹೊರಗೆ ಬೆಂಚಿನ ಮೇಲೆ ಕೂತಿರುವುದಿಲ್ಲ, ತೀರ್ಪು ಕೊಟ್ಟು ಕೈತೊಳೆದು ಮೊಸರನ್ನಕ್ಕೆ ಕೂರಬಹುದು.

ಆ ವರ್ಷ ಮುಂಗಾರು ಅವಸರ ಮಾಡಿತು. ಕಾಲುವೆಗೆ ನೀರು ಬಿಡುವ ಮೊದಲೇ ಸಿಂಧನೂರಿನ ಗದ್ದೆಗಳಲ್ಲಿ ನೀರು ನಿಂತು, ನಾಟಿಗೆ ಬಂದ ಹೆಂಗಸರ ಜೊತೆಗೆ ಸೊಳ್ಳೆಗಳೂ ಬಂದಿಳಿದವು. ನನ್ನ ಆಸ್ಪತ್ರೆಯ ವರಾಂಡದಲ್ಲಿ ಜ್ವರದವರು ಚಾಪೆ ಹಾಸಿಕೊಂಡು ಮಲಗಿದ್ದರು. ಮಸ್ಕಿಯ ಕಡೆ ಹೋದಂತೆ ಕಾಲುವೆ ಮುಗಿದು ಎರೆಹೊಲ ಶುರುವಾಗುತ್ತದೆ. ಅಲ್ಲಿ ಜನ ಆಕಾಶ ನೋಡಿಕೊಂಡು ತೊಗರಿ ಬಿತ್ತುತ್ತಿದ್ದರು. ಆ ಭಾನುವಾರ ವರಾಂಡವನ್ನು ನರ್ಸಿನ ಕೈಗೆ ಬಿಟ್ಟು ನಾನು, ಮಹಬೂಬ್ ಅಲಿ ಕಾರಿನಲ್ಲಿ ಹೊರಟಾಗ ದಾರಿಯುದ್ದಕ್ಕೂ ತುಂತುರು.

ವರದಿ ತರುವ ಪಾಳಿ ಗೌಡರದು. ಕೈ ತೊಳೆದು, ಕನ್ನಡಕ ಏರಿಸಿ, ಆಪರೇಷನ್ನಿಗೆ ಇಳಿಯುವವರಂತೆ ಒಮ್ಮೆ ಕಣ್ಣು ಮುಚ್ಚಿ, ಕಾಗದ ಬಿಡಿಸಿದರು.

“ನಲವತ್ತು ದಾಟಿದ ಹೆಣ್ಮಗಳು. ನಮ್ಮ ಉತ್ತರ ಕರ್ನಾಟಕದಾಕೀನೇ, ಹಳ್ಳಿ. ಗಂಡಂದು ಕಿರಾಣಿ ಅಂಗಡಿ. ವಾಂತಿ, ಮಲಬದ್ಧತಿ, ಎಷ್ಟು ಕುಡದ್ರೂ ನೀರಡಿಕಿ. ನಡುನಡುವೆ ಮಂಕು ಬಡದಂಗ ಕುಂದ್ರತಾಳ. ರಕ್ತದಾಗ ಕ್ಯಾಲ್ಸಿಯಂ ಬಾಳ ಹೆಚ್ಚು. ಕಿಡ್ನಿ ಜರಾ ಸೋತಾವ.”

ಮುಂದಿನದನ್ನು ಸಂಕ್ಷೇಪಿಸುತ್ತೇನೆ. ನಗರದ ದೊಡ್ಡ ಆಸ್ಪತ್ರೆಯವರು ಆಕೆಯನ್ನು ಸೇರಿಸಿಕೊಂಡು, ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮಾಡಿ, ಸಲೈನ್ ಏರಿಸಿ, ಸ್ಟಿರಾಯ್ಡ್ ಗುಳಿಗೆ ಕೊಟ್ಟರು. ಕ್ಯಾಲ್ಸಿಯಂ ಇಳಿಯಿತು. ಆಕೆ ಎದ್ದು ಕೂತು ರೊಟ್ಟಿ ಕೇಳಿದಳು. ಮನೆಗೆ ಕಳಿಸಿದರು. ಕೆಲವು ವಾರಗಳಲ್ಲಿ ಮತ್ತೆ ಅದೇ ಸ್ಥಿತಿ. ಮತ್ತೆ ಆಸ್ಪತ್ರೆ, ಮತ್ತೆ ಆರಾಮ, ಮತ್ತೆ ಮನೆ, ಮತ್ತೆ ವಾಂತಿ. ಪ್ರತಿ ಸಲ ಗುಳಿಗೆಯ ಪ್ರಮಾಣ ಏರುತ್ತ ಹೋಯಿತು.

ಮಹಬೂಬ್ ಅಲಿ ಕ್ಯಾನ್ಸರ್ ಎಂದರು. ನಾನು ವಿಟಮಿನ್ ಇಂಜೆಕ್ಷನ್ ಅತಿಯಾಗಿರಬೇಕು ಎಂದೆ. ಮಹಾದೇವಿ ಏನೂ ಹೇಳದೆ ಕೈ ಚಾಚಿದರು.

“ತಡೀರಿ ಗೌಡ್ರ, ಆ ರಕ್ತದ ತಖ್ತೆ ತೋರಸ್ರಿ. ಸ್ಟಿರಾಯ್ಡ್ ಯಾವಾಗ ಚಾಲೂ ಮಾಡ್ಯಾರ?”

“ಮೂರನೇ ದಿನಕ್ಕ.”

“ಕ್ಯಾಲ್ಸಿಯಂ ಎರಡನೇ ದಿನಕ್ಕೇ ಇಳಿಯಾಕತ್ತೈತಲ್ಲ?”

ಗೌಡರು ಕಾಗದವನ್ನು ಮೂಗಿನ ಹತ್ತಿರ ಹಿಡಿದರು. “ಹೌದು. ಇಳದೈತಿ.”

“ಮತ್ತ ಇಳಿಸಿದವ ಯಾರು? ಗೇಟಿನ ವಾಚ್‌ಮನ್ನೇನು?”

“ಸಲೈನ್ ಹಾಕ್ಯಾರಲ್ರೀ ಅಕ್ಕಾರ,” ಎಂದರು ಮಹಬೂಬ್ ಅಲಿ.

“ಹಾಕ್ಯಾರ. ಸಲೈನಿಗೇ ಇಳೀತು ಅಂದ್ರ ಸ್ಟಿರಾಯ್ಡ್ ಯಾಕ? ಇನ್ನೊಂದು ನೋಡ್ರಿ, ರಕ್ತದಾಗ ಕ್ಷಾರ ಹೆಚ್ಚೈತಿ. ಅದರ ಬಗ್ಗೆ ಒಂದು ಅಕ್ಷರ ಬರದಿಲ್ಲ. ಆಸ್ಪತ್ರ್ಯಾಗ ಇದ್ರ ಆರಾಮ, ಮನೀಗೆ ಹೋದ್ರ ಬ್ಯಾನಿ. ಆಕಿ ಮನ್ಯಾಗ ಏನೋ ತಿಂತಾಳ. ಸುಣ್ಣದಂಥಾದ್ದು.”

“ಕೇಳ್ಯಾರಂತ. ಮಣ್ಣು, ಸುಣ್ಣ, ಬಳಪ ಯಾವುದೂ ತಿನ್ನಂಗಿಲ್ಲ ಅಂದಾಳಂತ. ಬರದಾರ ಇಲ್ಲಿ,” ಎಂದರು ಗೌಡರು.

ಮಹಾದೇವಿ ನಕ್ಕರು. “ನನ್ನ ದವಾಖಾನಿಗೆ ಒಂದಿನ ಬಂದು ಕುಂದರ್ರಿ ಗೌಡ್ರ. ರಕ್ತ ಕಮ್ಮಿ ಆದ ಹೆಣ್ಮಕ್ಕಳು ಏನೇನು ತಿಂತಾರ ಅಂತ ಹೇಳತೀನಿ. ಒಬ್ಬಾಕಿ ಒಲಿ ಮಣ್ಣು ಕೆರಕೊಂಡು ತಿಂತಾಳ. ಒಬ್ಬಾಕಿ ಬಳಪ. ಮನ್ಯಾಗ ದೊಡ್ಡ ಪೂಜಿ, ಮರ್ಯಾದಿ ಇದ್ದಾಕಿ ಆದ್ರ ಇಭೂತಿ ತಿಂತಾಳ. ಗಟ್ಟಿ ಗಟ್ಟೀನೇ ಕರಕರ ಅಂತ ಕಡದು ತಿಂತಾಳ. ಆಕಿ ಲೆಕ್ಕದಾಗ ಅದು ಮಣ್ಣಲ್ಲ, ಸುಣ್ಣಲ್ಲ. ಅದಕ್ಕ ‘ತಿನ್ನಂಗಿಲ್ಲ’ ಅಂದಾಳ. ಸುಳ್ಳೇನೂ ಹೇಳಿಲ್ಲ ಆಕಿ.”

ಗೌಡರ ಕೈ ತಾನಾಗಿಯೇ ಹಣೆಯ ಕಡೆ ಹೋಗಿ ಅರ್ಧದಲ್ಲಿ ನಿಂತಿತು. “ಇಭೂತಿ ಒಂದು ರೋಗೇನ್ರಿ?” ಎಂದರು.

“ಹಚ್ಚಿಕೊಳ್ಳೂದು ರೋಗಲ್ರಿ. ನಾನೂ ಹಚ್ಚಿಕೊಂತೀನಿ. ಅಂಗಡಿ ಗಟ್ಟ್ಯಾಗ ಸುಣ್ಣಾನೇ ಹೆಚ್ಚು, ದಿನಾ ತಿಂದ್ರ ಹೊಟ್ಟ್ಯಾಗ ಸುಣ್ಣದ ಭಟ್ಟಿ ಆಕ್ಕೈತಿ. ಮಡಿಕಿ ಬಿಚ್ಚರಿ, ಅವರೇನು ಅಂದಾರ ನೋಡೂಣು.”

ಮಡಿಕೆ ಬಿಚ್ಚಿದಾಗ ಒಳಗಿದ್ದದ್ದು ಸಾರ್ಕಾಯ್ಡೋಸಿಸ್. ಓದುಗರಿಗೆ ಹೇಳುವುದಾದರೆ, ಮುಖ್ಯವಾಗಿ ಶ್ವಾಸಕೋಶದಲ್ಲಿ ಸಣ್ಣ ಗಂಟುಗಳೇಳುವ, ಕಾರಣ ಗೊತ್ತಿಲ್ಲದ ಒಂದು ಕಾಯಿಲೆ. ಅದರಲ್ಲೂ ಕ್ಯಾಲ್ಸಿಯಂ ಏರುವುದುಂಟು, ಅದಕ್ಕೆ ಸ್ಟಿರಾಯ್ಡ್ ಮದ್ದು ಹೌದು. ಈ ರೋಗಿಯ ಶ್ವಾಸಕೋಶದಲ್ಲಿ ಗಂಟಿರಲಿಲ್ಲ. ಬೇರೆಲ್ಲೂ ಸಿಗಲಿಲ್ಲ. ಆದ್ದರಿಂದ ಇದು ಗಂಟೇ ಕಾಣದ ಅಪರೂಪದ ಬಗೆಯೆಂದು ತೀರ್ಮಾನಿಸಿದ್ದರು. ಅಪರೂಪವಾದ್ದರಿಂದ ಅಚ್ಚು ಹಾಕಿದ್ದರು. ಗಂಟಿಲ್ಲದ ಗಂಟಿನ ರೋಗಕ್ಕೆ ಆರು ಜನ ಲೇಖಕರಿದ್ದರು.

ಗೌಡರು ಓದುತ್ತಲೇ ಇದ್ದರು. ರೋಗಿಯು ಮೊದಲು ‘ಸ್ಥಳೀಯ ಚಿಕಿತ್ಸಕರೊಬ್ಬರ’ ಬಳಿ ಸಲೈನ್ ಹಾಕಿಸಿಕೊಂಡಿದ್ದಳೆಂದೂ, ಅವರು ಕ್ಯಾಲ್ಸಿಯಂ ಹೆಚ್ಚಿರುವುದನ್ನು ಕಂಡು ಚೀಟಿ ಬರೆದು ಕಳಿಸಿದರೆಂದೂ ಒಂದು ಸಾಲು ಇತ್ತು. ನಾನು ಬರೆದ ಅಂಕಿಯೇ ಅಲ್ಲಿತ್ತು. ಸಂತೆಕಲ್ಲೂರಿನ ಆಚೆಯ ಹಳ್ಳಿಯ ಕಿರಾಣಿ ಅಂಗಡಿಯ ಚನ್ನಬಸಪ್ಪನ ಹೆಂಡತಿ ಗಿರಿಜಮ್ಮ. ಹಿಂದಿನ ವರ್ಷ ನಾನೇ ಕಳಿಸಿದ್ದೆ. ಎಂ.ಡಿ. ಮಾಡಿ ತಲೆ ಬೆಳ್ಳಗಾಗುವವರೆಗೆ ಸಿಂಧನೂರಿನ ನಾಡಿ ಹಿಡಿದ ನಾನು ಸ್ಥಳೀಯ ಚಿಕಿತ್ಸಕನಾಗಿದ್ದೆ.

ವಿಷಯ ತಿಳಿಸಿದೆ. ಮಹಬೂಬ್ ಅಲಿ ಎದ್ದು ಕೈ ಕುಲುಕಿದರು. “ಮುಬಾರಕ್ ಸಾಹೇಬ್ರ. ನೀವೂ ಅಚ್ಚಾದ್ರಿ.”

ಎಲ್ಲರೂ ನಕ್ಕೆವು. ನಗು ಬೇಗ ನಿಂತಿತು. ಮೊಟ್ಟಮೊದಲ ಸಲ ನಮ್ಮ ಮಂಡಳಿಯ ರೋಗಿಗೆ ಒಂದು ಊರಿತ್ತು. ಆ ಊರು ಕಾರಿನಲ್ಲಿ ಹೋಗುವಷ್ಟು ಹತ್ತಿರ ಇತ್ತು.

ಮುಂದಿನ ವಾರ ಮಹಾದೇವಿಯವರೂ ನಾನೂ ಹೋದೆವು. ಊರ ಹೊರಗೇ ಕಾರು ಎರೆಮಣ್ಣಿನಲ್ಲಿ ಕೂತಿತು. ಹೆಜ್ಜೆ ಇಟ್ಟಲ್ಲೆಲ್ಲ ಚಪ್ಪಲಿಗೆ ಇನ್ನೊಂದು ಚಪ್ಪಲಿ ಅಂಟಿಕೊಳ್ಳುತ್ತಿತ್ತು. ಘನ ಮಂಡಳಿಯ ನಿಯೋಗವು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಗ್ರಾಮ ಪ್ರವೇಶ ಮಾಡಿತು.

ಅಂಗಡಿ ಮನೆಯ ಮುಂದೆಯೇ ಇತ್ತು. ಬಿಸ್ಕತ್ತು, ಬೆಲ್ಲ, ಬೀಡಿ, ಊದುಬತ್ತಿಯ ಪಕ್ಕದಲ್ಲಿ ಒಂದು ಬುಟ್ಟಿ ತುಂಬ ವಿಭೂತಿ ಗಟ್ಟಿ. ಮಹಾದೇವಿ ಅದನ್ನು ನೋಡಿದರು, ನನ್ನನ್ನು ನೋಡಿದರು. ಚನ್ನಬಸಪ್ಪ ನನ್ನನ್ನು ಗುರುತಿಸಿ ಎದ್ದು ನಿಂತ. ಸಭ್ಯ ಮನುಷ್ಯ, ಹೆಂಡತಿಗಾಗಿ ಅಂಗಡಿ ಮುಚ್ಚಿ ನಗರಕ್ಕೆ ಓಡಾಡಿದವನು. ಕುರ್ಚಿ ಹಾಕಿ, ಚಹಾಕ್ಕೆ ಹೇಳಿ, ಒಳಗಿನಿಂದ ಪ್ಲಾಸ್ಟಿಕ್ ಹೊದಿಸಿದ ಕಾಗದಗಳನ್ನು ತಂದು ನನ್ನ ಮುಂದೆ ಹಿಡಿದ. ಅದೇ ವರದಿ.

“ನಮ್ಮಾಕೀ ಕೇಸು ಪುಸ್ತಕದಾಗ ಬಂದೈತ್ರಿ ಸಾಹೇಬ್ರ. ದೊಡ್ಡ ಡಾಕ್ಟ್ರೇ ಕೊಟ್ಟಾರ. ದೇಶಾನೆಲ್ಲ ಹುಡುಕಿದ್ರೂ ಇಂಥಾ ಕೇಸು ಇಲ್ಲಂತ.”

ಅವನ ದನಿಯಲ್ಲಿ ದುಃಖವಿತ್ತು, ಅದರ ಜೊತೆಗೆ ಇನ್ನೇನೋ ಕೂಡ ಇತ್ತು. ಆ ಊರಿನಿಂದ ಇನ್ನಾರೂ ಪುಸ್ತಕದಲ್ಲಿ ಬಂದಿರಲಿಲ್ಲ.

ಗಿರಿಜಮ್ಮ ಬಂದಳು. ಹಿಂದಿನ ವರ್ಷ ನಾನು ಕಂಡ ಬಡಕಲು ಮುಖ ಈಗ ದುಂಡಗೆ ಊದಿ ಹೊಳೆಯುತ್ತಿತ್ತು. ಕೈಕಾಲು ಕಡ್ಡಿ. ಸ್ಟಿರಾಯ್ಡ್ ಬರೆಯುವ ಚಿತ್ರ ಅದು. ನಾವು ದೂರದಿಂದಲೇ ಗುರುತಿಸುತ್ತೇವೆ.

“ಮಾರಿ ನೋಡ್ರಿ ಹೆಂಗ ತುಂಬೈತಿ,” ಎಂದಳು ಅತ್ತೆ, ಕಂಬಕ್ಕೆ ಒರಗಿ. “ಗುಳಗಿ ಬರೋಬ್ಬರಿ ಹತ್ಯಾವ. ನಮ್ಮ ಸೊಸಿ ಪೂಜಿ ಇಲ್ದ ನೀರು ಮುಟ್ಟಂಗಿಲ್ರಿ. ಶಿವ ಕಾಯ್ತಾನ.”

ಮಹಾದೇವಿ ಚಹಾದ ನೆಪ ಮಾಡಿ ಅಡುಗೆಮನೆಗೆ ಹೋದರು. ಅತ್ತೆ ನನ್ನ ಮುಂದೆ ಮೊಣಕಾಲು ನೋವಿನ ಚರಿತ್ರೆ ತೆಗೆದಳು. ನಾನು ಹೂಂಗುಟ್ಟುತ್ತ, ಗೋಡೆಯಾಚೆಯ ಮಾತಿಗೆ ಕಿವಿ ಕೊಟ್ಟಿದ್ದೆ.

“ಎಷ್ಟು ತಿಂತಿ ಗಿರಿಜಾ?”

“ಏನ್ರೀ ಅಕ್ಕಾರ?”

“ನಾ ಕೇಳೂದು ನಿನಗ ಗೊತ್ತೈತಿ.”

ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಬಹಳ ಸಣ್ಣ ದನಿ. “ತಿನ್ನೂದಲ್ರಿ. ಬಾಯಾಗ ಇಟಗೊಂತೀನಿ. ಸಣ್ಣಾವ ಹೊಟ್ಟ್ಯಾಗ ಇದ್ದಾಗಿಂದ ರೂಢಿ. ಮಳಿಗಾಲದಾಗ ಗಟ್ಟಿ ತಣ್ಣಗಾಗಿ ಘಮ್ ಅಂತೈತ್ರಿ, ತಡಕೊಳ್ಳಾಕ ಆಗಂಗಿಲ್ಲ. ದೇವರ ಮುಂದ ಕುಂತಾಗ ಯಾರೂ ಕರಿಯಂಗಿಲ್ರಿ. ದಿನದಾಗ ಅದೊಂದು ತಾಸು ನಂದು.”

“ಅಲ್ಲಿ ಡಾಕ್ಟ್ರು ಕೇಳಿದ್ರ ಯಾಕ ಹೇಳಲಿಲ್ಲ?”

“ಅವರು ಮಣ್ಣು ತಿಂತಿಯೇನಂತ ಕೇಳಿದ್ರು. ಅತ್ತಿ ಬಾಜೂಕ ನಿಂತಿದ್ರು. ಇಭೂತಿ ಮಣ್ಣೇನ್ರಿ?”

“ಅದನ್ನ ಬಿಟ್ರ ನೀ ಉಳೀತಿ. ಬಿಡದಿದ್ರ ಕಿಡ್ನಿ ಹೊಕ್ಕಾವ. ತಿಳೀತಾ?”

“ಬಿಡ್ತೀನ್ರಿ. ನೀವೂ ಒಂದು ಮಾಡ್ರಿ. ಆ ಗುಳಗಿ ಬಿಡಸ್ರಿ. ಮೈಯೆಲ್ಲ ಉರೀತೈತಿ, ಕನ್ನಡಿ ನೋಡಿದ್ರ ಯಾರೋ ಅನಸ್ತೈತಿ. ನಾ ಇದನ್ನ ಬಿಡ್ತೀನಿ, ನೀವು ಅದನ್ನ ಬಿಡಸ್ರಿ.”

ಇದು ಆ ಮಳೆಗಾಲದಲ್ಲಿ ಆದ ಒಪ್ಪಂದ. ಆಕೆ ತನ್ನ ಪಾಲನ್ನು ನಡೆಸಿದಳು ಎಂದು ಈಗಲೇ ಹೇಳಿಬಿಡುತ್ತೇನೆ.

ಚನ್ನಬಸಪ್ಪನನ್ನು ಅಂಗಡಿಯ ಹೊರಗೆ ಕರೆದು, ಅತ್ತೆಯ ಕಿವಿಗೆ ಬೀಳದಂತೆ ವಿಷಯ ತಿಳಿಸಿದೆವು. ಅವನು ಸಿಟ್ಟಾಗಲಿಲ್ಲ. ಬುಟ್ಟಿಯ ಕಡೆ ನೋಡಿ, ಪ್ಲಾಸ್ಟಿಕ್ ಹೊದ್ದ ಕಾಗದದ ಕಡೆ ನೋಡಿ, ನಿಧಾನಕ್ಕೆ ಹೇಳಿದ: “ತಿನ್ನೂದು ಬಿಡಸ್ತೀನ್ರಿ, ಅದರಾಗೇನು ನುಕ್ಸಾನಿಲ್ಲ. ಗುಳಗಿ ಮಾತ್ರ ಬಿಡಸಂಗಿಲ್ಲ. ಆರು ಮಂದಿ ದೊಡ್ಡ ಡಾಕ್ಟ್ರು ಅಚ್ಚು ಹಾಕಿ ಹೇಳ್ಯಾರ. ನೀವು ಬಾಯಾಗ ಹೇಳಾಕತ್ತೀರಿ. ಅವರದು ತಪ್ಪು ಅಂತಿದ್ರ ನೀವೂ ಅಚ್ಚು ಹಾಕಸ್ರಿ ಸಾಹೇಬ್ರ. ಅದ್ನ ತಗೊಂಡು ಅವರ ಹಂತ್ಯಾಕ ನಾನೇ ಹೋಗ್ತೀನಿ.”

ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಅಷ್ಟು ದಿನ ತಿಂದ ಮೇಲೆ ಇಷ್ಟಿಷ್ಟೇ ಇಳಿಸಬೇಕು, ನಡುವೆ ರಕ್ತ ನೋಡುತ್ತಿರಬೇಕು. ಮನೆಯವರು ಒಪ್ಪದೆ ಆಗುವ ಕೆಲಸವಲ್ಲ. ನಗರದ ಆಸ್ಪತ್ರೆಗೆ ಫೋನ್ ಮಾಡಿದೆ. ಹಿರಿಯರು ಸಿಗಲಿಲ್ಲ. ಕಿರಿಯ ವೈದ್ಯನೊಬ್ಬ ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, “ಸರ್, ಕೇಸ್ ಈಗ ಪಬ್ಲಿಷ್ ಆಗಿದೆ. ನಿಮ್ಮ ಅಭಿಪ್ರಾಯವನ್ನು ಸಂಪಾದಕರಿಗೆ ಬರೆಯಿರಿ,” ಎಂದ. ಕಿರಾಣಿ ಅಂಗಡಿಯವನೂ ದೊಡ್ಡ ಆಸ್ಪತ್ರೆಯೂ ಒಂದೇ ಮಾತು ಹೇಳಿದ ಮೇಲೆ ಸಂಶಯಕ್ಕೆ ಎಡೆ ಇರಲಿಲ್ಲ. ಗಿರಿಜಮ್ಮನ ಚಿಕಿತ್ಸೆ ಇನ್ನು ಸಂಪಾದಕರ ಕೈಯಲ್ಲಿತ್ತು.

ಮಂಡಳಿ ವಿಶೇಷ ಅಧಿವೇಶನ ಕರೆಯಿತು. ಮಸ್ಕಿ ಹಳ್ಳ ತುಂಬಿ ಹರಿಯುತ್ತಿದ್ದ ದಿನ. ಗೌಡರು ಸುತ್ತು ಹಾಕಿಕೊಂಡು ತಡವಾಗಿ ಬಂದರು. ನಾನು ಪತ್ರದ ಕರಡು ಓದಿದೆ. ಕ್ಯಾಲ್ಸಿಯಂ ಸ್ಟಿರಾಯ್ಡಿಗೆ ಮೊದಲೇ ಇಳಿದದ್ದು, ಕ್ಷಾರದ ಅಂಕಿ, ಮನೆಗೆ ಹೋದಾಗಲೆಲ್ಲ ಮರುಕಳಿಸಿದ್ದು, ಕೊನೆಗೆ: ರೋಗಿಯು ವರ್ಷಗಳಿಂದ ವಿಭೂತಿ ತಿನ್ನುತ್ತಿರುವುದಾಗಿ ನಮ್ಮಲ್ಲೊಬ್ಬರ ಬಳಿ ಒಪ್ಪಿಕೊಂಡಿದ್ದಾಳೆ.

“ಎಲ್ಲ ಛಲೋ ಐತಿ,” ಎಂದರು ಗೌಡರು. “ಆ ಒಂದು ಶಬ್ದ ತಗೀರಿ.”

“ಯಾವುದು?” ಎಂದರು ಮಹಾದೇವಿ, ಗೊತ್ತಿದ್ದೂ.

“ಇಭೂತಿ ಅಂತ ಬರೀಬ್ಯಾಡ್ರಿ. ಯಾವನೋ ಒಬ್ಬ ಇದರ ಫೋಟೋ ಹೊಡದು ಮೊಬೈಲ್ದಾಗ ಬಿಡ್ತಾನ. ‘ಇಭೂತಿ ವಿಷ ಅಂದ್ರು ಡಾಕ್ಟ್ರು’ ಅಂತ ಮ್ಯಾಲೆ ಬರೀತಾನ. ಪತ್ರ ಯಾರು ಓದ್ತಾರ? ಮಠದ ಕಮಿಟ್ಯಾಗ ನಾ ಮಾರಿ ಹೆಂಗ ತೋರಸ್ಲಿ? ನನ್ನ ದವಾಖಾನಿ ಗಾಜಿನದೈತ್ರಿ.”

“ಇದರಿಂದ ಯಾರ ಮನಸ್ಸಿಗೆ ನೋವಾಕ್ಕೈತಿ ಗೌಡ್ರ? ನನಗಾಗಿಲ್ಲ. ನನ್ನ ಹಣಿ ನೋಡ್ರಿ, ನಿಮ್ಮಷ್ಟೇ ಐತಿ. ಹಣೀ ಮ್ಯಾಲಿಂದು ಹೊಟ್ಟ್ಯಾಗ ಹೋಗಬಾರದು ಅಂದ್ರ ಯಾವ ಶಿವ ಸಿಟ್ಟಾಗ್ತಾನ?”

“ಶಿವ ಆಗಂಗಿಲ್ರೀ ಅಕ್ಕಾರ. ಮಂದಿ ಆಗ್ತಾರ.”

ಮಹಬೂಬ್ ಅಲಿ ಅಷ್ಟು ಹೊತ್ತು ಕಿಟಕಿಯಾಚೆ ಮಳೆ ನೋಡುತ್ತಿದ್ದರು. “ಆ ಶಬ್ದ ಇರಬೇಕು,” ಎಂದರು. “ಇಲ್ದಿದ್ರ ಪತ್ರಕ್ಕ ಅರ್ಥ ಇಲ್ಲ. ಆದ್ರ ಇದ್ರ ನನ್ನ ಹೆಸರು ತಗೀರಿ. ನಾಕು ಹೆಸರಿನ್ಯಾಗ ಮಂದಿ ಮೊದಲು ಓದೂದು ನಂದು. ಸಿಂಧನೂರಾಗ ನನ್ನ ಮಕ್ಕಳೂ ಸಾಲಿಗೆ ಹೊಕ್ಕಾವ.”

ಅವರು ಹೇಳಿದ್ದು ತಪ್ಪೆಂದು ಸಾಧಿಸಲು ನಮ್ಮ ಬಳಿ ಏನೂ ಇರಲಿಲ್ಲ. ಜಪಾನಿನವರ ತಪ್ಪು ಹಿಡಿದ ಮಂಡಳಿ ಎಣ್ಣೆಗಾಯಿ ಆರುವವರೆಗೂ ತಲೆ ತಗ್ಗಿಸಿ ಕೂತಿತ್ತು.

ಕೊನೆಗೆ ಗೌಡರೇ ಒಂದು ವಾಕ್ಯ ಹುಡುಕಿದರು. ‘ಕ್ಯಾಲ್ಸಿಯಂ ಇರುವ, ಸ್ಥಳೀಯವಾಗಿ ದೊರೆಯುವ ಒಂದು ಬಿಳಿ ಪದಾರ್ಥ.’ ಶಸ್ತ್ರಚಿಕಿತ್ಸೆಯಲ್ಲಿ ಅವರ ಕೈ ಎಷ್ಟು ಚುರುಕೋ ಅಷ್ಟೇ ಚುರುಕಾಗಿ, ರಕ್ತ ಬಾರದಂತೆ, ಆ ಶಬ್ದವನ್ನು ತೆಗೆದು ಹೊಲಿಗೆ ಹಾಕಿದ್ದರು. ಮಹಾದೇವಿ ಆ ಸಾಲನ್ನು ಎರಡು ಸಲ ಓದಿದರು. “ಏನೂ ಹೋಗದಕಿಂತ ಇದಾದ್ರೂ ಹೋಗ್ಲಿ,” ಎಂದು ಸಹಿ ಹಾಕಿದರು. ನಾಲ್ವರ ಸಹಿಯೂ ಬಿತ್ತು. ಖಾನಾವಳಿಯವನು ಬಂದು, ಇವತ್ತು ಎಣ್ಣೆಗಾಯಿ ಕೆಟ್ಟಿತ್ತೇ ಎಂದು ಕೇಳಿದ.

ಮಳೆ ಮುಗಿಯುವವರೆಗೆ ಗಿರಿಜಮ್ಮ ಮಾತು ಉಳಿಸಿಕೊಂಡಳು. ಮಹಾದೇವಿ ಕಬ್ಬಿಣದ ಗುಳಿಗೆ ಕೊಟ್ಟರು. ಬಾಯಿಯ ಚಪಲ ತಗ್ಗಿತು. ನಾನು ರಕ್ತ ನೋಡಿದೆ. ಕ್ಯಾಲ್ಸಿಯಂ ಸರಿಯಾಗಿತ್ತು, ಕಿಡ್ನಿ ಕೊಂಚ ಚೇತರಿ­ಸಿಕೊಂಡಿತ್ತು. ರೋಗ ಯಾವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಆ ಸಾಕ್ಷಿಯನ್ನು ಹಿಡಿದುಕೊಂಡು ಚನ್ನಬಸಪ್ಪ ನಗರಕ್ಕೆ ಹೋದ. ಇನ್ನೂ ಅಚ್ಚಾಗದ ವಿಭೂತಿಯ ಮಾತನ್ನು ಅಲ್ಲಿ ಎತ್ತಲಿಲ್ಲ. ಅಲ್ಲಿಯವರು ನೋಡಿ ಸಂತೋಷಪಟ್ಟರು. ಕ್ಯಾಲ್ಸಿಯಂ ಇಷ್ಟು ಚೆನ್ನಾಗಿದೆ ಎಂದರೆ ಗುಳಿಗೆಯ ಈ ಪ್ರಮಾಣವೇ ಸರಿ, ಇಳಿಸಬಾರದು ಎಂದರು.

“ಇನ್ನ ಎಷ್ಟು ದಿನ್ರೀ ಸಾಹೇಬ್ರ?” ಎಂದು ಗಿರಿಜಮ್ಮ ಬಂದಾಗಲೆಲ್ಲ ಕೇಳುತ್ತಿದ್ದಳು. ಊದಿದ ಮುಖದಲ್ಲಿ ಕಣ್ಣು ಸಣ್ಣಗಾಗಿದ್ದವು. “ನಾ ಬಿಟ್ಟೀನಲ್ರಿ.”

ಪತ್ರ ಬರಲಿ ಎನ್ನುತ್ತಿದ್ದೆ.

ದೀಪಾವಳಿ ಕಳೆದು, ಸಿಂಧನೂರಿನಲ್ಲಿ ಭತ್ತದ ಕಟಾವು ನಡೆದು, ರಸ್ತೆಯ ಅರ್ಧಕ್ಕೆ ಜನ ಭತ್ತ ಹರವಿಕೊಂಡಿದ್ದ ದಿನಗಳಲ್ಲಿ ಪತ್ರ ಅಚ್ಚಾಯಿತು. ಅದರ ಕೆಳಗೇ ಆರು ಜನ ಲೇಖಕರ ಉತ್ತರವೂ ಇತ್ತು. ತಮ್ಮ ಬರಹದಲ್ಲಿ ಆಸಕ್ತಿ ತೋರಿದ ಸ್ಥಳೀಯ ವೈದ್ಯರಿಗೆ ಧನ್ಯವಾದ ಹೇಳಿದ್ದರು. ಪತ್ರದಲ್ಲಿ ಸೂಚಿಸಿದ ಬಿಳಿ ಪದಾರ್ಥ ಯಾವುದೆಂದು ಸ್ಪಷ್ಟವಿಲ್ಲ. ಮಣ್ಣು, ಸುಣ್ಣ, ಬಳಪ ಸೇವನೆಯನ್ನು ರೋಗಿಯೂ ಬಂಧುಗಳೂ ಖಚಿತವಾಗಿ ಅಲ್ಲಗಳೆದಿದ್ದಾರೆ. ಈಗಲೂ ಸ್ಟಿರಾಯ್ಡಿನಿಂದ ರೋಗ ಸಂಪೂರ್ಣ ಹತೋಟಿಯಲ್ಲಿದೆ. ಇದು ತಮ್ಮ ನಿರ್ಣಯವನ್ನೇ ದೃಢಪಡಿಸುತ್ತದೆ. ಸಂಪಾದಕರು ಚರ್ಚೆ ಮುಕ್ತಾಯವಾಯಿತು ಎಂದು ಬರೆದಿದ್ದರು.

ಚನ್ನಬಸಪ್ಪ ನನ್ನ ಆಸ್ಪತ್ರೆಗೆ ಬಂದ. ಕೂರಿಸಿಕೊಂಡು ಎರಡನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಮುಗಿದ ಮೇಲೆ ಅವನು ಬೆರಳನ್ನು ಕಾಗದದ ಮೇಲಿಟ್ಟ.

“ಇಭೂತಿ ಅಂತ ಎಲ್ಲೈತ್ರಿ, ತೋರಸ್ರಿ.”

“ಇಲ್ಲಪ್ಪ.”

“ಯಾಕಿಲ್ರಿ?”

ನಾನು ಹೇಳಿದೆ. ಗೌಡರು, ಮಠ, ಮೊಬೈಲು, ಜನ.

ಅವನು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. “ನಾಕು ಮಂದಿ ಡಾಕ್ಟ್ರು ಇದ್ದೀರಿ. ನಿಮಗ ಬರ್ಯಾಕ ಧೈರ್ಯ ಆಗಿಲ್ಲ. ನನ್ನಂಥವನಿಗೆ ಗುಳಗಿ ಬಿಡಸಾಕ ಎಲ್ಲಿಂದ ಧೈರ್ಯ ಬರಬೇಕ್ರಿ? ನಾಳಿ ಆಕಿಗೆ ಏನರ ಆದ್ರ, ಅಚ್ಚು ಹಾಕಿದ ಮಾತು ಕೇಳಲಿಲ್ಲ ಅಂತ ಊರು ನನಗ ಅಂತೈತಿ. ಬಿಳಿ ಪದಾರ್ಥಕ್ಕ ಯಾರೂ ಏನೂ ಅನ್ನಂಗಿಲ್ಲ.”

ಅವನು ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಲೆಕ್ಕ ಸರಿಯಾಗಿದೆಯೇ ಎಂದು ಗಿರಾಕಿಯನ್ನು ಕೇಳುವ ದನಿಯಲ್ಲಿ ಹೇಳಿದ. ಎದ್ದು ನಮಸ್ಕಾರ ಮಾಡಿ ಹೋದ.

ಚಳಿಗಾಲದಲ್ಲಿ ಮಹಾದೇವಿ ಒಬ್ಬರೇ ಇನ್ನೊಮ್ಮೆ ಆ ಊರಿಗೆ ಹೋಗಿ ಬಂದರು. ಗಿರಿಜಮ್ಮ ದೇವರ ಮುಂದೆ ಕೂತಿದ್ದಳಂತೆ. ತುಟಿಯ ಅಂಚು ಬೆಳ್ಳಗಿತ್ತಂತೆ. ಬೈಯಬೇಕೆಂದು ಹೋದವರಿಗೆ ಆಕೆಯೇ ಹೇಳಿದಳಂತೆ: “ನೀವೇನೂ ಅನಬ್ಯಾಡ್ರೀ ಅಕ್ಕಾರ. ನಾ ನಾಕು ತಿಂಗಳು ಬಿಟ್ಟಿದ್ದೆ. ಅವರು ಗುಳಗಿ ಬಿಡಸಲಿಲ್ಲ. ಎರಡೂ ಬಿಟ್ಟು ಕುಂತ್ರ ನನಗ ಉಳಿಯೂದೇನೈತಿ?”

ಆ ತಿಂಗಳು ಮತ್ತೆ ವಾಂತಿ ಶುರುವಾಯಿತು. ನಗರದವರು ರೋಗ ಮರುಕಳಿಸಿದೆ ಎಂದು ಗುಳಿಗೆಯನ್ನು ಇಮ್ಮಡಿ ಮಾಡಿದರು. ಕಿಡ್ನಿ ಪೂರ್ತಿ ಸೋತವು. ಸ್ಟಿರಾಯ್ಡಿನಿಂದ ಬಲಗುಂದಿದ ಮೈಗೆ ಮಾಘದ ಕೊನೆಯಲ್ಲಿ ಒಂದು ಸಾಮಾನ್ಯ ಕೆಮ್ಮು ತಗಲಿ ಎರಡೂ ಶ್ವಾಸಕೋಶಕ್ಕೆ ಹರಡಿತು. ಸಿಂಧನೂರಿನ ನನ್ನ ಆಸ್ಪತ್ರೆಗೆ ತಂದಾಗ ನಾನು ಮಾಡಬಹುದಾದದ್ದು ಆಮ್ಲಜನಕ ಹಚ್ಚಿ ದೊಡ್ಡ ಆಸ್ಪತ್ರೆಗೆ ಕಳಿಸುವುದಷ್ಟೇ. ಚೀಟಿ ಬರೆದೆ. ಅದರಲ್ಲಿ ವಿಭೂತಿ ಎಂದು ಸ್ಪಷ್ಟವಾಗಿ, ದೊಡ್ಡ ಅಕ್ಷರದಲ್ಲಿ ಬರೆದೆ. ಓದಿದರೋ ಇಲ್ಲವೋ ತಿಳಿಯದು, ಅದು ಅಚ್ಚಾದದ್ದಲ್ಲ.

ಗಿರಿಜಮ್ಮನ ಮಣ್ಣಿಗೆ ನಾವು ನಾಲ್ವರೂ ಹೋಗಿದ್ದೆವು. ಬೇಸಾಯವಿಲ್ಲದೆ ಬಿರಿದ ಎರೆಹೊಲ, ಮೇಲೆ ಬಿಸಿಲು. ಅವರ ಪದ್ಧತಿಯಂತೆ ಕುಣಿಯಲ್ಲಿ ಕೂರಿಸಿದ ದೇಹದ ಸುತ್ತ ವಿಭೂತಿ ಗಟ್ಟಿಗಳನ್ನು ಇಟ್ಟರು. ಚನ್ನಬಸಪ್ಪ ಅಂಗಡಿಯ ಬುಟ್ಟಿಯನ್ನೇ ತಂದಿದ್ದ. ಗೌಡರು ಬಗ್ಗಿ ತಾವೂ ಒಂದು ಗಟ್ಟಿ ಇಟ್ಟು ಕೈಮುಗಿದರು. ಮಹಾದೇವಿ ಕಾರಿನಲ್ಲೇ ಕೂತಿದ್ದರು. ಮಂಡಳಿಯ ಮುಂದಿನ ಸಭೆಯ ದಿನವನ್ನು ಯಾರೂ ಕೇಳಲಿಲ್ಲ.

ಮರುವರ್ಷ ಆ ಆರು ಜನ ಲೇಖಕರು ಅದೇ ಪತ್ರಿಕೆಯಲ್ಲಿ ಇನ್ನೊಂದು ಸಣ್ಣ ಟಿಪ್ಪಣಿ ಪ್ರಕಟಿಸಿದರು. ರೋಗಿಯು ಚಿಕಿತ್ಸೆಯ ಹೊರತಾಗಿಯೂ ನಿಧನಳಾದಳೆಂದು, ಸಾವಿನ ಕಾರಣ ಸಾರ್ಕಾಯ್ಡೋಸಿಸ್ ಎಂದು ಅದರಲ್ಲಿದೆ.